ಉಪ್ಪಿನ ಮಚವೆಯ ಸುಮತಿ ಆಂಟಿ

ಊರಿಗೆ ಹೋಗಿ ವಾಪಸು ಬರುವಾಗ ಓಹೇರ್ ಏರ್‌ಪೋರ್ಟಿನಲ್ಲಿ ಇಳಿದು, "ನನ್ನ ಪೆಟ್ಟಿಗೆಯಲ್ಲಿ ಕರಿಬೇವಿನ ಸೊಪ್ಪು ಇದೆ" ಎಂದು ಅಧಿಕಾರಿಗೆ ತಾವಾಗಿಯೇ ಹೇಳಿ, ಅದನ್ನು ಕಸದ ಡಬ್ಬಿಗೆ ಹಾಕಿಸಿ ನಗುನಗುತ್ತ ಹೊರಗೆ ಬಂದ ಕನ್ನಡದ ಹೆಂಗಸು ನನಗೆ ಗೊತ್ತಿರುವಂತೆ ಒಬ್ಬರೇ. ನಮ್ಮ ಸುಮತಿ ಆಂಟಿ. ಸೊಪ್ಪನ್ನು ಸೀರೆಯ ಮಡಿಕೆಯೊಳಗೆ ಬಚ್ಚಿಟ್ಟಿದ್ದು ಅವರ ಓರಗಿತ್ತಿ. ವಿಮಾನದಿಂದ ಇಳಿದು ಪೆಟ್ಟಿಗೆ ಎತ್ತಿಕೊಳ್ಳುವಾಗ ಆಂಟಿಯ ಮೂಗಿಗೆ ಅದರ ವಾಸನೆ ಬಡಿದಿತ್ತು. ನಾನು ಅವರ ಹಿಂದೆಯೇ ನಿಂತಿದ್ದೆ.

"ಆಂಟಿ, ಸುಮ್ಮನೆ ಬನ್ನಿ. ಯಾರೂ ಕೇಳಲಿಲ್ಲವಲ್ಲ," ಎಂದೆ ಮೆಲ್ಲಗೆ.

"ಅವರು ಕೇಳಲಿಲ್ಲ ಅಂತ ನನಗೆ ಗೊತ್ತಿಲ್ಲ ಅಂತಾಗ್ತದಾ ಮಾರಾಯ್ತಿ?" ಎಂದರು ಗಟ್ಟಿಯಾಗಿಯೇ. ಅವರ ಪ್ರಾಮಾಣಿಕತೆಯ ಫಲವಾಗಿ ನನ್ನ ಪೆಟ್ಟಿಗೆಯನ್ನೂ ಬಿಚ್ಚಿಸಿದರು. ಅಮ್ಮ ಕಟ್ಟಿಕೊಟ್ಟಿದ್ದ ಚಕ್ಕುಲಿ, ಹುರಿಗಾಳು, ಸಾರಿನ ಪುಡಿ ಎಲ್ಲವೂ ಸ್ಟೀಲ್ ಮೇಜಿನ ಮೇಲೆ ಸಾಲಾಗಿ ಕೂತವು. ಆಂಟಿ ಪಕ್ಕದಲ್ಲಿ ನಿಂತು ಒಂದೊಂದನ್ನೂ ಆ ಅಧಿಕಾರಿಗೆ ಪರಿಚಯ ಮಾಡಿಕೊಟ್ಟರು, ಮದುವೆಮನೆಯಲ್ಲಿ ನೆಂಟರನ್ನು ಪರಿಚಯಿಸುವ ಹಾಗೆ.

ಆಂಟಿ ಎಲ್ಕ್ ಗ್ರೋವ್ ವಿಲೇಜಿನಲ್ಲಿ, ಹೊರದೇಶಗಳಿಂದ ಬರುವ ಸಾಮಾನಿಗೆ ಸುಂಕದ ಕಾಗದಪತ್ರ ಮಾಡಿಕೊಡುವ ಒಂದು ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಬಂದ ಪೆಟ್ಟಿಗೆಯಲ್ಲಿ ಇರುವುದು ಆಟಿಕೆಯೋ, ಅಲಂಕಾರದ ವಸ್ತುವೋ, ಪಾತ್ರೆಯೋ ಎಂದು ತೀರ್ಮಾನಿಸುವುದು ಅವರ ದಿನನಿತ್ಯದ ಕೆಲಸವಾಗಿತ್ತು. ಆ ಅಭ್ಯಾಸ ಮನೆಗೂ ಬಂದಿತ್ತು. ನಮ್ಮ ಮನೆಯ ಷೋಕೇಸಿನಲ್ಲಿದ್ದ ಚನ್ನಪಟ್ಟಣದ ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಮಗು ಆಡ್ತದಾ, ನೀವು ನೋಡ್ತೀರಾ? ಆಡಿದರೆ ಒಂದು ಸುಂಕ, ನೋಡಿದರೆ ಇನ್ನೊಂದು," ಎನ್ನುತ್ತಿದ್ದರು. ಅವರ ಮನೆಗೆ ಹೋದಾಗ ನಮ್ಮ ಮನೆಯವರು ಬಾಗಿಲಲ್ಲೇ ಕೈಯೆತ್ತಿ ನಿಂತು, "ಆಂಟಿ, ನಾನು ಡಿಕ್ಲೇರ್ ಮಾಡೋಕೆ ಏನೂ ಇಲ್ಲ," ಎಂದು ರೇಗಿಸುವರು. "ಆ ಹೊಟ್ಟೆ ಯಾವ ದೇಶದ್ದು, ಅದು ಹೇಳಿ ಒಳಗೆ ಬನ್ನಿ," ಎಂದು ಆಂಟಿ ತಿರುಗೇಟು ಕೊಡುವರು. ಅವರ ಮನೆಗೆ ಹೋದ ನಮ್ಮನ್ನು ಅವರು, ನಮ್ಮ ಮನೆಗೆ ಬಂದ ಅವರನ್ನು ನಾವು ಹೀಗೆ ತಡೆದು ನಿಲ್ಲಿಸಿ ನಗುವುದು ವಾಡಿಕೆಯಾಗಿಹೋಗಿತ್ತು.

ಅವರು ಉತ್ತರ ಕನ್ನಡದ ತದಡಿಯವರು. ಅಘನಾಶಿನಿ ನದಿ ಕಡಲು ಸೇರುವ ಊರು. ಪಕ್ಕದ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಉಪ್ಪು ಎಂದರೆ ಪ್ಯಾಕೆಟ್ಟು, ಕಡಲು ಎಂದರೆ ಶಾಲೆಯ ಪ್ರವಾಸ. ಬ್ರಿಟಿಷರ ಕಾಲದ ಸುಂಕ, ಬಂದರು, ಪ್ರಾಂತ್ಯ ಎಲ್ಲವನ್ನೂ ಪರೀಕ್ಷೆಗೆ ಓದಿ ಮರೆತಿದ್ದೆ. ಅದು ಒಬ್ಬರ ಮನೆಯ ಅಡಿಗೆಮನೆಯ ತನಕ ಬಂದಿತ್ತು ಎಂದು ನನಗೆ ಅರ್ಥವಾದದ್ದು ಲೆಮಾಂಟಿನ ದೇವಸ್ಥಾನದಲ್ಲಿ ಹಬ್ಬಕ್ಕೆ ಸೇರಿದ್ದ ದಿನ, ಆಂಟಿ ಮಕ್ಕಳಿಗೆ ಆಡಿಸಿದ ಆಟದಿಂದ.

ಊಟ ಮುಗಿದು ಮಕ್ಕಳು ಊಟದ ಹಾಲ್ ತುಂಬ ಕಿರುಚಾಡುತ್ತಿದ್ದರು. ಆಂಟಿ ಎರಡು ಮೇಜುಗಳನ್ನು ದೂರದೂರ ಎಳೆಸಿದರು. "ಇದು ತದಡಿ. ಅದು ಗಂಗೊಳ್ಳಿ. ನಡುವೆ ಸಮುದ್ರ. ಈ ಟ್ರೇಗಳು ನಿಮ್ಮ ದೋಣಿ." ಟ್ರೇಯಲ್ಲಿ ಕಾಗದದ ಲೋಟಗಳು, ಲೋಟದಲ್ಲಿ ಅಡಿಗೆಯವರಿಂದ ಬೇಡಿ ತಂದ ಕಲ್ಲುಪ್ಪು. ಆಚೆ ಮುಟ್ಟಿಸಿದವರಿಗೆ ಕೊಬ್ಬರಿ ಮಿಠಾಯಿ. ಮಕ್ಕಳು ಖುಷಿಯಿಂದ ಓಡಾಡಿ ಮಿಠಾಯಿ ತಿಂದರು. ಆಮೇಲೆ ಆಂಟಿ ಯಾರದೋ ಚಳಿಟೋಪಿ ಹಾಕಿಕೊಂಡು, ನಡುಸಮುದ್ರದಲ್ಲಿ ಕುರ್ಚಿ ಹಾಕಿ ಕೂತರು.

"ಇನ್ನು ಮೇಲೆ ಉಪ್ಪೆಲ್ಲ ಸರ್ಕಾರದ್ದು. ಸುಂಕ ಕಟ್ಟಿ ರವಾನೆ ಚೀಟಿ ತಗೊಂಡೇ ಹೋಗಬೇಕು."

ಸುಂಕವೆಂದು ಅರ್ಧ ಲೋಟ ಉಪ್ಪನ್ನು ಸುರಿದುಕೊಂಡರು. ಚೀಟಿ ಕೇಳಿದರೆ, "ಸಾಹೇಬರು ಊಟಕ್ಕೆ ಹೋಗಿದ್ದಾರೆ, ನಿಲ್ಲು," ಎಂದರು. ಚೀಟಿ ಸಿಕ್ಕವರನ್ನು ಇನ್ನೊಂದು ಮೇಜಿನ ಬಳಿ ಮತ್ತೆ ನಿಲ್ಲಿಸಿದರು. ಎರಡು ಜಡೆಯ ಒಂದು ಹುಡುಗಿ ಕಾಲು ಅಪ್ಪಳಿಸಿ, "ಬಟ್ ಇಟ್ಸ್ ದ ಸೇಮ್ ಸೀ!" ಎಂದು ಕೂಗಿದಳು.

"ಸಮುದ್ರ ಒಂದೇ ಮಗಾ. ಭಟ್ಕಳದಿಂದ ಈಚೆ ಮುಂಬಯಿ ಪ್ರಾಂತ್ಯದವರದ್ದು, ಆಚೆ ಮದ್ರಾಸು ಪ್ರಾಂತ್ಯದವರದ್ದು. ದೊರೆ ಒಬ್ಬನೇ, ಮೇಜು ಎರಡು."

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಟ್ರೇಯನ್ನು ಲಂಗದ ನೆರಿಗೆಗೆ ಒತ್ತಿ ಹಿಡಿದು, ಪರದೆಯ ಹಿಂದಿನಿಂದ ನುಸುಳಿ ಗಂಗೊಳ್ಳಿ ಸೇರಿಬಿಟ್ಟಳು. ಮಕ್ಕಳೆಲ್ಲ ಹೋ ಎಂದರು. ಆಂಟಿ ಟೋಪಿ ತೆಗೆದು ಜೋರಾಗಿ ನಕ್ಕರು. ನೆಲದ ಮೇಲೆ ಚೆಲ್ಲಿದ ಉಪ್ಪನ್ನು ನಾವಿಬ್ಬರೂ ಗುಡಿಸುವಾಗ, ನಗು ಇನ್ನೂ ಮುಖದಲ್ಲಿರುವಾಗಲೇ, "ಅದೇ ತಂಗಿ, ನಮ್ಮಜ್ಜ ಮಾಡಿದ್ದು," ಎಂದರು.

ಅಜ್ಜನಿಗೆ ಒಂದು ಮಚವೆ ಇತ್ತಂತೆ. ಹಾಯಿಪಟ ಕಟ್ಟಿ ಕರಾವಳಿಯ ಉದ್ದಕ್ಕೂ ಸಾಮಾನು ಸಾಗಿಸುವ ದೋಣಿ. ಅಜ್ಜನ ಹಿರಿಯರೂ ಅದೇ ದಾರಿಯಲ್ಲಿ ಉಪ್ಪು ಕೊಂಡೊಯ್ದು, ಬರುವಾಗ ಅಕ್ಕಿ, ತೆಂಗಿನಕಾಯಿ ತರುತ್ತಿದ್ದವರು. ಯಾರನ್ನೂ ಕೇಳುವ ಪದ್ಧತಿ ಇರಲಿಲ್ಲ. ನಡುವೆ ಸರ್ಕಾರದ ಕಾನೂನು ಬಂತು. ಸುಂಕ ಸೇರಿದ ಉಪ್ಪು ಬಡವರ ಕೈಗೆಟುಕದಾಯಿತು. ಅಜ್ಜ ಚೀಟಿಯಿಲ್ಲದೆಯೇ ಸಾಗಿಸಿದರು. ಒಂದು ದಿನ ಗಂಗೊಳ್ಳಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸಿಕ್ಕಿಬಿದ್ದರು. ಮಚವೆ ಜಪ್ತಿಯಾಗಿ, ಮರಳಿನ ಮೇಲೆ ಜನ ಸೇರಿಸಿ ಹರಾಜು ಹಾಕಿದರು. ಆಮೇಲೆ ಅಜ್ಜ ಯಾರದೋ ಅಂಗಡಿಯಲ್ಲಿ ತಕ್ಕಡಿ ಹಿಡಿದು ಬದುಕಿದರಂತೆ. ಊರಿನವರು ಮನೆಗೆ 'ಕಳ್ಳುಪ್ಪಿನ ಮನೆ' ಎಂದು ಹೆಸರಿಟ್ಟರು. ಆಂಟಿಯ ಅಪ್ಪನನ್ನು ಶಾಲೆಯಲ್ಲಿ ಹಾಗೇ ಕೂಗುತ್ತಿದ್ದರು. ಆಂಟಿಯನ್ನೂ.

"ಸರ್ಕಾರ ಹೋಯ್ತು, ಸುಂಕ ಹೋಯ್ತು. ಕಳ್ಳ ಅನ್ನೋದು ಮಾತ್ರ ಉಳೀತು," ಎಂದು ಕಸದ ಮೊರವನ್ನು ಗೋಡೆಗೆ ತಟ್ಟಿದರು.

ನನ್ನ ಮಗಳು ನಿಧಿ ನಮ್ಮಿಂದ ಕಾರಿನಲ್ಲಿ ಐದು ಗಂಟೆ ದೂರದ ಆಬರ್ನ್ ಹಿಲ್ಸ್‌ನಲ್ಲಿ ಕಾರು ಕಂಪನಿಯೊಂದರ ಇಂಜಿನಿಯರ್. ಒಂದು ಮಾರ್ಚ್‌ನಲ್ಲಿ ಅವಳನ್ನು ನೋಡಲು ಹೊರಟಾಗ ಆಂಟಿಯೂ ಜೊತೆಗೆ ಬಂದರು. ದಾರಿಯುದ್ದಕ್ಕೂ ಮುಂದೆ ಹೋಗುವ ಟ್ರಕ್ಕುಗಳಲ್ಲಿ ಏನಿರಬಹುದೆಂದು ಊಹಿಸುತ್ತ ಬಂದರು. ಭಾನುವಾರ ಹೊರಗೆ ಮೂಳೆ ಕೊರೆಯುವ ಗಾಳಿ. ನಿಧಿ ನಮ್ಮನ್ನು ನದೀದಂಡೆಯ ಒಂದು ಸಣ್ಣ ಹಡಗಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಅದಿರು ಸಾಗಿಸುವ ಹಡಗುಗಳ ಮಾದರಿ, ಲಂಗರು, ಹಳೆಯ ದೀಪಗಳು. ಕೊನೆಯ ಕೋಣೆಯಲ್ಲಿ ಬೇರೆ ದೇಶಗಳ ದೋಣಿಗಳು. ಗಾಜಿನ ಪೆಟ್ಟಿಗೆಯೊಂದರ ಮುಂದೆ ಆಂಟಿ ನಿಂತುಬಿಟ್ಟರು.

"ಮಚವೆ!" ಎಂದರು. ಮುಂದಕ್ಕೆ ಬಾಗಿದ ಕೂವೆಮರ, ಅದಕ್ಕೆ ಕಟ್ಟಿದ ಮೂಲೆ ಚೂಪಾದ ಪಟ, ದಾರದಂಥ ಹಗ್ಗಗಳು. ಗಾಜಿನ ಮೇಲೆ ಅವರ ಉಸಿರು ಮಂಜುಗಟ್ಟಿತು. "ನೋಡೇ ತಂಗಿ, ಮೂತಿ ಹೇಗೆ ಎತ್ತಿಕೊಂಡಿದೆ!" ಆಮೇಲೆ ಕೆಳಗಿನ ಚೀಟಿ ಕಡೆ ಕಣ್ಣು ಇಳಿಯಿತು. ಹೆಗಲಿನ ಬ್ಯಾಗು ಮೊಣಕೈಗೆ ಜಾರಿತು. ಅವರು ಅದನ್ನು ಮೇಲಕ್ಕೆಳೆದುಕೊಳ್ಳಲಿಲ್ಲ.

"ಓದು," ಎಂದರು ನನಗೆ.

ನಾನು ಓದಿ ಹೇಳಿದೆ. ಉಪ್ಪಿನ ಕಳ್ಳಸಾಗಣೆದಾರರ ದೋಣಿ, ಪಶ್ಚಿಮ ಕರಾವಳಿ, ಬ್ರಿಟಿಷ್ ಇಂಡಿಯಾ.

"ಇಲ್ಲಿಗೂ ಬಂತಲ್ಲೇ," ಎಂದರು ಆಂಟಿ.

ನಿಧಿ ಅವರ ಭುಜ ಹಿಡಿದು, "ಆಂಟಿ, ಇಟ್ಸ್ ಜಸ್ಟ್ ಎ ಲೇಬಲ್," ಎಂದಳು.

"ನಾನು ಲೇಬಲ್ಲಿನದ್ದೇ ಕೆಲಸ ಮಾಡಿದವಳು ಮಗಾ. ಪೆಟ್ಟಿಗೆ ಬಿಚ್ಚಿ ಯಾರು ನೋಡ್ತಾರೆ? ಲೇಬಲ್ ನೋಡಿಯೇ ಒಳಗೆ ಬಿಡೋದು, ಹೊರಗೆ ಹಾಕೋದು."

ಆ ಪದವನ್ನು ಅಲ್ಲಿಂದ ತೆಗೆಸಲೇಬೇಕು ಎಂದು ಅವತ್ತು ವಾಪಸು ಬರುವಾಗಲೇ ತೀರ್ಮಾನಿಸಿದರು. ತದಡಿಯಲ್ಲಿ ಈಗ ಅವರ ಮನೆಯೂ ಇರಲಿಲ್ಲ, ಹಾಗೆ ಕರೆಯುವವರೂ ಉಳಿದಿರಲಿಲ್ಲ. ಜಗಳ ಆಡಬಹುದಾದ ಜಾಗ ಭೂಮಿಯ ಮೇಲೆ ಇದೊಂದೇ ಇತ್ತು. ಮ್ಯೂಸಿಯಮ್ಮಿನವರಿಗೆ ಫೋನ್ ಮಾಡಿ ಜೂನ್‌ನಲ್ಲಿ ಭೇಟಿಗೆ ಸಮಯ ಕೇಳಿಕೊಂಡರು. ನಾನೇ ಡ್ರೈವ್ ಮಾಡಿದೆ. ಆಂಟಿ ಇಳಕಲ್ ಸೀರೆ ಉಟ್ಟು, ಮೇಲೆ ಆಫೀಸಿನ ಕಾಲದ ಬೂದು ಕೋಟು ಹಾಕಿದ್ದರು.

ಅಲ್ಲಿಯ ಮಾದರಿಗಳನ್ನು ನೋಡಿಕೊಳ್ಳುವವಳು ಇನ್ನೂ ಎಳೆಯ ವಯಸ್ಸಿನ ಹುಡುಗಿ, ತುಂಬ ವಿನಯದವಳು. ಪೆಟ್ಟಿಗೆಯ ಎದುರಿಗೇ ಕುರ್ಚಿ ತಂದು ಹಾಕಿದಳು, ನೀರು ಕೊಟ್ಟಳು. ಆಂಟಿ ತಮ್ಮ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು: ಉಪ್ಪಿನ ಗದ್ದೆ, ಎರಡು ಪ್ರಾಂತ್ಯ, ಚೀಟಿ, ಹರಾಜು. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಕೊನೆಗೆ, ನೋಯಿಸಬಾರದೆಂಬ ದನಿಯಲ್ಲಿ, "ನಿಮ್ಮ ಅಜ್ಜ ನಿಜವಾಗಿಯೂ ಚೀಟಿಯಿಲ್ಲದೆ ಉಪ್ಪು ಸಾಗಿಸಿದ್ದರಾ?" ಎಂದು ಕೇಳಿದಳು.

ನಾನು ಆಂಟಿಯ ಕಡೆ ಬಾಗಿದೆ. ಕನ್ನಡದಲ್ಲಿ, "ಗೊತ್ತಿಲ್ಲ ಅಂದುಬಿಡಿ ಆಂಟಿ," ಎಂದೆ.

ಆಂಟಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಯೆಸ್. ಮೆನಿ ಟೈಮ್ಸ್," ಎಂದರು.

"ಹಾಗಾದರೆ ಆ ಪದ ತಪ್ಪು ಅನ್ನೋದು ನನಗೆ ಕಷ್ಟ," ಎಂದಳು ಹುಡುಗಿ, ಬೆರಳುಗಳನ್ನು ಹೆಣೆದುಕೊಂಡು.

"ನನಗೂ ಗೊತ್ತು. ನಾನೂ ಆ ಮೇಜಿನ ಹಿಂದೆ ಕೂತವಳೇ. ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ಅದು ಯಾರು ಹೇಳಿದ ಮಾತು ಅಂತ ನೀನು ಬರೆದಿಲ್ಲವಲ್ಲ? ಯಾರು ಕರೆದರು? ಯಾವ ಕಾನೂನು ಮಾಡಿ ಕರೆದರು? ಅದನ್ನೂ ಬರಿ."

ಹುಡುಗಿ ಪುಸ್ತಕ ತೆಗೆದು ಆಂಟಿಯ ಮಾತನ್ನು ಬರೆದುಕೊಂಡಳು. ಮೇಲಿನವರ ಜೊತೆ ಮಾತಾಡಬೇಕು, ಹೊತ್ತು ಹಿಡಿಯುತ್ತದೆ, ಖಂಡಿತ ಅಂತ ಹೇಳಲಾರೆ ಎಂದಳು. ಬಾಗಿಲ ತನಕ ಬಂದು ಬೀಳ್ಕೊಟ್ಟಳು.

ವಾಪಸು ಬರುವಾಗ ಕಲಮಜೂ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಮೊಸರನ್ನದ ಡಬ್ಬಿ ಬಿಚ್ಚಿ, ಆಂಟಿ ಅದರಲ್ಲಿ ಚಮಚ ಆಡಿಸಿದರು.

"ಇಲ್ಲ ಅಂದಿದ್ದರೆ ಇವತ್ತೇ ತೆಗೀತಿದ್ದಳೇನೋ."

"ಅಂದುಬಿಡಬಹುದಿತ್ತಲ್ಲ ಆಂಟಿ. ಯಾರಿಗೆ ಗೊತ್ತಾಗ್ತಿತ್ತು?"

"ಅಳಿವೆಯಲ್ಲಿ ಹಿಡಿದಾಗ ಸಾಹೇಬ ಕೇಳಿದನಂತೆ, ಒಳಗೆ ಎಂತ ಉಂಟು ಅಂತ. ಅಜ್ಜ ಉಪ್ಪು ಅಂತಲೇ ಹೇಳಿದರಂತೆ. ಮೀನಿನ ಗೊಬ್ಬರ ಅಂದಿದ್ದರೆ ಬಿಡ್ತಿದ್ದನೋ ಏನೋ. ಅವರೇ ಹೌದು ಅಂದ ಮೇಲೆ ಮೊಮ್ಮಗಳು ಇಲ್ಲ ಅಂದರೆ ಹೇಗಾಗ್ತದೆ, ನೀನೇ ಹೇಳು." ಅಷ್ಟು ಹೇಳಿ ನನ್ನ ಡಬ್ಬಿಯ ಮಾವಿನಕಾಯಿ ಹೋಳೊಂದನ್ನು ಎತ್ತಿಕೊಂಡರು.

ಅಲ್ಲಿಂದ ಮುಂದೆ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ. "ನಿಧಿ ಆ ಕಡೆ ಹೋಗಿದ್ಲಾ?" ನಿಧಿಗೆ ಕೆಲಸ, ಓಡಾಟ, ಹೋಗಿರುತ್ತಿರಲಿಲ್ಲ. ಮ್ಯೂಸಿಯಮ್ಮಿನಿಂದಲೂ ಸುದ್ದಿ ಇಲ್ಲ. ಚಳಿಗಾಲದಲ್ಲಿ ಆಂಟಿಗೆ ಉಸಿರಿನ ತೊಂದರೆ ಹೆಚ್ಚಾಯಿತು. ಜನವರಿಯ ಒಂದು ಮಧ್ಯಾಹ್ನ ತಿಳಿಸಾರು ತೆಗೆದುಕೊಂಡು ಹೋದೆ. ಕಿಟಕಿಯ ಪಕ್ಕ ಶಾಲು ಹೊದ್ದು ಕೂತಿದ್ದರು. ಕಾಲುಚೀಲ ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ನೀಲಿ. ಅಷ್ಟು ಅಚ್ಚುಕಟ್ಟಿನ ಆಂಟಿ. ನಾನು ನೋಡಿಯೂ ನೋಡದಂತೆ ಬಟ್ಟಲಿಗೆ ಸಾರು ಬಗ್ಗಿಸಿದೆ.

"ಏನಾದರೂ ಬಂತಾ?" ಎಂದರು.

"ಇನ್ನೂ ಇಲ್ಲ ಆಂಟಿ. ಸ್ವಲ್ಪ ಖಾರವಾಗಿಯೇ ಬರೆದು ಕೇಳಲಾ?"

"ಬೇಡ ಬೇಡ. ಆಫೀಸು ಅಂದಮೇಲೆ ತಡ ಆಗ್ತದೆ. ಪಾಪ, ಒಳ್ಳೆ ಹುಡುಗಿ." ಸಾರು ಕುಡಿದು ಬಟ್ಟಲನ್ನು ಸೀರೆಯ ಸೆರಗಿನಿಂದ ಒರೆಸಿ ಕೊಟ್ಟರು. "ನಿನ್ನ ಸಾರಿಗೆ ಇನ್ನೊಂದು ಕಲ್ಲು ಉಪ್ಪು ಬೇಕು ತಂಗಿ," ಎಂದರು. ಅದೇ ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು. ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಈ ವಸಂತದಲ್ಲಿ ನಿಧಿಯ ಮನೆಗೆ ಹೋದಾಗ, "ಒಂದು ಗಳಿಗೆ ಹೋಗಿ ಬರೋಣ," ಎಂದೆ. ಕೊನೆಯ ಕೋಣೆಯಲ್ಲಿ ಮಚವೆ ಅದೇ ಜಾಗದಲ್ಲಿತ್ತು. ಚೀಟಿ ಹೊಸದು. 'ಮಚವೆ. ಕರಾವಳಿಯಲ್ಲಿ ಉಪ್ಪು ಮತ್ತು ಅಕ್ಕಿ ಸಾಗಿಸುತ್ತಿದ್ದ ದೋಣಿ. ಉಪ್ಪಿನ ಸಾಗಣೆಗೆ ಸುಂಕ ಮತ್ತು ಪರವಾನಗಿ ವಿಧಿಸಿದ ವಸಾಹತು ಸರ್ಕಾರ, ಅದಿಲ್ಲದೆ ಹಳೆಯ ವ್ಯಾಪಾರವನ್ನು ಮುಂದುವರಿಸಿದವರನ್ನು ಕಳ್ಳಸಾಗಣೆದಾರರೆಂದು ಕರೆಯಿತು.' ನಾನು ಅದನ್ನು ಇಂಗ್ಲಿಷಿನಲ್ಲಿ ಓದಿ, ಮತ್ತೆ ಕನ್ನಡದಲ್ಲಿ ಬಾಯೊಳಗೇ ಹೇಳಿಕೊಂಡೆ. ಕರೆಯಿತು. ಅಷ್ಟೇ ಆಂಟಿ ಕೇಳಿದ್ದು.

ಕೆಳಗಿನ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ 'ಮಲಬಾರ್ ಜಿಲ್ಲೆ' ಎಂದಿತ್ತು.

"ಅಮ್ಮಾ, ಇಟ್ಸ್ ಕ್ಲೋಸ್ ಎನಫ್," ಎಂದಳು ನಿಧಿ, ನನ್ನ ಮುಖ ನೋಡಿ.

ಹೋಟೆಲಿನಲ್ಲಿ ಕಾಫಿ ತಣ್ಣಗೆ ಬಂದರೂ ಕುಡಿದು ಎದ್ದು ಬರುವವಳು ನಾನು. ಆದರೂ ಬಾಗಿಲ ಬಳಿಯ ಟಿಕೆಟ್ ಮೇಜಿಗೆ ಹೋಗಿ, ಮಾದರಿಗಳನ್ನು ನೋಡಿಕೊಳ್ಳುವವರನ್ನು ಸ್ವಲ್ಪ ಕರೆಯುತ್ತೀರಾ ಎಂದು ಕೇಳಿದೆ. ಕಾಯುವಾಗ ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ: ಮಲಬಾರ್ ಇನ್ನೂ ದಕ್ಷಿಣಕ್ಕೆ, ತದಡಿ ಇರುವುದು ಉತ್ತರ ಕನ್ನಡದಲ್ಲಿ, ಆಗ ಅದು ಮುಂಬಯಿ ಪ್ರಾಂತ್ಯ. ಅದೇ ಹುಡುಗಿ ಬಂದಳು. ಗುರುತು ಹಿಡಿದು ಮುಖ ಅರಳಿಸಿದಳು. ನನ್ನ ಭುಜದಾಚೆ, ಬಾಗಿಲ ಕಡೆ, ಇನ್ನೊಬ್ಬರಿಗಾಗಿ ನೋಡಿದಳು.

"ಅವರು ಬಂದಿಲ್ಲವಾ?" ಎಂದಳು.

ನಾನು ಮೊದಲು ಮಲಬಾರಿನ ವಿಷಯ ಹೇಳಿ ಮುಗಿಸಿದೆ.