ಬಿರುಕಿನ ಮೇಲೆ ಕಟ್ಟಿದ ದಾರ

ನಾನು ಚಿಕ್ಕವಳಿದ್ದಾಗ ಅಡರಕಟ್ಟಿಯ ನಮ್ಮ ಮನೆಗೆ ಮಣ್ಣಿನ ಮಾಳಿಗೆಯಿತ್ತು. ಮಳೆಗಾಲಕ್ಕೆ ಮುಂಚೆ ಹೆಂಗಸರು ಊರಾಚೆಯ ದಿಬ್ಬದ ಬುಡ ಅಗೆದು, ಬಿಳಿಮಣ್ಣು ಹೊತ್ತು ತಂದು ಸೋರದಂತೆ ಮಾಳಿಗೆಯ ಮೇಲೆ ಹಾಕುತ್ತಿದ್ದರು. ವರ್ಷ ವರ್ಷವೂ ಅಗೆದು ಅಗೆದು ಬುಡದಲ್ಲಿ ಗವಿಯಂಥ ಹೊಂಡವಾಗಿತ್ತು. ಉರಿಬಿಸಿಲಲ್ಲೂ ಅದರೊಳಗೆ ತಂಪು, ಹಸಿಮಣ್ಣಿನ ವಾಸನೆ.

ಆ ವರ್ಷ ಎರಡು ದೊಡ್ಡ ಮಳೆ ಬೇಗನೆ ಬಿದ್ದವು. ದಿಬ್ಬದ ನೆತ್ತಿಯಲ್ಲಿ ಒಂದು ಬಿರುಕು ಅಪ್ಪನ ಕಣ್ಣಿಗೆ ಬಿತ್ತು. ನನ್ನ ಬೆರಳು ಇಳಿಯುವಷ್ಟೇ ಅಗಲ. ಆದರೂ ಅಪ್ಪನಿಗೆ ಅದರ ಮೇಲೆ ಗುಮಾನಿ. ಬಿರುಕಿನ ಆಚೆ ಈಚೆ ಒಂದೊಂದು ಗೂಟ ಬಡಿದು, ನಡುವೆ ದಾರ ಬಿಗಿದ. ಗೂಟಗಳ ನಡುವೆ ಸರಿಯಾಗಿ ಕೂರುವಂತೆ ಒಂದು ಜೋಳದ ದಂಟನ್ನೂ ಕತ್ತರಿಸಿಟ್ಟುಕೊಂಡ.

ಊರವರಿಗೆ ಅಪ್ಪನ ಮೇಲೆಯೇ ಗುಮಾನಿ. "ಗೂಟ, ದಾರ ಅಂತಾನ. ಮಾಟ ಮಾಡಾಕ ಹತ್ಯಾನೇನ?" ಎಂದಳು ಪಕ್ಕದ ಮನೆಯ ಅಜ್ಜಿ. ದಿಬ್ಬ ಬೀಳುತ್ತದೆಂದು ಊರವರನ್ನು ಹೆದರಿಸಿ ಮಣ್ಣೆಲ್ಲ ತಾನೇ ಒಯ್ಯುವ ಉಪಾಯ ಇದು ಎಂದರು ಕೆಲವರು.

ಮರುದಿನ ಬೆಳಿಗ್ಗೆ ನಾನೂ ಅಪ್ಪನ ಜೊತೆ ಹೋದೆ. ದಾರ ಹರಿದಿತ್ತು.

"ಖರೆ ಹೇಳು, ನೀ ಹರಿದೀಯೇನ?"

ಇಲ್ಲವೆಂದೆ. ಅಪ್ಪ ನಂಬಿದಂತೆ ಕಾಣಲಿಲ್ಲ. ನನಗೆ ಅಳು ಬಂತು. ಅವನು ದಂಟನ್ನು ಗೂಟಗಳ ನಡುವೆ ಹಿಡಿದ. ಹಿಂದಿನ ದಿನ ಬಿಗಿಯಾಗಿ ಕೂತಿದ್ದ ದಂಟು ಈಗ ಎರಡು ಬೆರಳು ಸಾಲದಾಗಿತ್ತು. ಬಿರುಕು ಅಷ್ಟು ಅಗಲವಾಗಿತ್ತು.

ಅಷ್ಟರಲ್ಲಿ ಕೆಳಗಿನಿಂದ ಗುದ್ದಲಿಯ ಸದ್ದು ಕೇಳಿಸಿತು. ನನ್ನ ಅಕ್ಕ ಮತ್ತು ಪಕ್ಕದ ಮನೆಯ ಆ ಅಜ್ಜಿ ಹೊಂಡದೊಳಗಿದ್ದರು! ಅಪ್ಪ ಓಡಿದ. "ಜಲ್ದಿ ಹೊರಗ ಬರ್ರಿ!" ಎಂದು ಕೂಗಿದ. ಅಕ್ಕ ಓಡಿ ಬಂದಳು. ಬುಟ್ಟಿ ತುಂಬದೆ ಬರುವುದಿಲ್ಲವೆಂದು ಹಟ ಹಿಡಿದ ಅಜ್ಜಿಯನ್ನು ಅಪ್ಪ ತೋಳು ಹಿಡಿದು ಎಳೆತಂದ. ಬಹಳ ಹೊತ್ತು ಏನೂ ಆಗಲಿಲ್ಲ. ಕೂಡಿದ ಜನ ನಗತೊಡಗಿದರು. ಅಜ್ಜಿ ಬೈಯುತ್ತ ಬುಟ್ಟಿ ತರಲು ಮತ್ತೆ ಹೊರಟಳು. ಅಪ್ಪ ಅವಳ ದಾರಿಗೆ ಅಡ್ಡ ನಿಂತ.

ಆಗ ನಾಲ್ಕು ಹರಳು ಉರುಳಿದವು. ಹಿಂದೆಯೇ ಅರ್ಧ ದಿಬ್ಬ 'ಧಪ್' ಎಂದು ಜಾರಿ ಕೂತಿತು. ಹೊಂಡವೂ ಇಲ್ಲ, ಬುಟ್ಟಿಯೂ ಇಲ್ಲ.

"ಬುಡದ ಮಣ್ಣ ನಾವ ತಕ್ಕೊಂಡ್ವಿ. ಬಿರುಕಿನ್ಯಾಗ ನೀರ ಇಳದು ಮ್ಯಾಲಿಂದು ಭಾರ ಆತು, ಹಿಡಿತ ಸಡ್ಲ ಆತು. ಕಾಲಿಲ್ಲದ್ದು ಎಷ್ಟೊತ್ತು ನಿಂತೀತು?" ಎಂದ ಅಪ್ಪ. ಆಮೇಲೆ ನನ್ನ ತಲೆ ಸವರಿ, "ನಿನ್ನ ಮ್ಯಾಲ ಸುಳ್ಳ ಸಂಶೆ ಪಟ್ಟೆ" ಎಂದ.

ಈಗ, ಮೊಮ್ಮಕ್ಕಳೇ, ಬೆಟಗೇರಿಯ ನಿಮ್ಮ ಮನೆಗೆ ಸಿಮೆಂಟಿನ ತಾರಸಿ. ನಮ್ಮೂರು ಹತ್ತಾರು ವರ್ಷ ಅಗೆದಷ್ಟನ್ನು ಯಂತ್ರ ಒಂದೇ ಬೆಳಿಗ್ಗೆ ಅಗೆಯುತ್ತದೆ. ಮೊನ್ನೆ ಮಲ್ಲಸಮುದ್ರದ ಹತ್ತಿರ, ರಸ್ತೆಗೆಂದು ಗೋಡೆಯಂತೆ ಕಡಿದ ಮಣ್ಣಿನ ಕೆಳಗೆ ನಿಂತು ನೀವು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದಿರಿ. ನಾನು ಕೂಗಿದ್ದಕ್ಕೆ, 'ನಮ್ಮ ಅಜ್ಜಿಗೆ ಎಲ್ಲದರ ಮೇಲೂ ಅನುಮಾನ' ಎಂದು ನಕ್ಕಿರಿ. ನಗಿರಿ, ಮಕ್ಕಳೇ. ಆದರೆ ಮೊದಲು ಈಚೆ ಬಂದು ನಗಿರಿ.