ಶಹಾಬಾದಿನ ಗೋಡೆಗೆ ಕೆಂಪು ಗುರುತು

ಸುಸ್ಥಿರ ಸಮುದಾಯ ವಾಸ್ತುಶಿಲ್ಪದ ಅಧ್ಯಯನಕ್ಕೆಂದು ನಮ್ಮ ಕಾಲೇಜಿನ ಹನ್ನೆರಡು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸೇಡಂನಿಂದ ಶಹಾಬಾದಿಗೆ ಕರೆದೊಯ್ದಿದ್ದೆ. ರೈಲು ವಾಡಿ ಮುಟ್ಟುವಷ್ಟರಲ್ಲಿ ಒಂಬತ್ತು ಸಲ ತಲೆ ಎಣಿಸಿದೆ. ಎರಡು ಸಲ ಹದಿಮೂರು ಬಂತು, ನನ್ನನ್ನೂ ಸೇರಿಸಿಕೊಂಡಿದ್ದೆ.

ಒಂದು ಓಣಿಯಲ್ಲಿ ಗೋಡೆಯೂ ಅಲ್ಲಿನ ಚಪ್ಪಟೆ ಫರಸಿ ಕಲ್ಲು, ಚಾವಣಿಯೂ ಫರಸಿ ಕಲ್ಲು ಆಗಿದ್ದ ಹಳೆಯ ಮನೆ ಸಿಕ್ಕಿತು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ತಂಪು. ಮನೆಯೊಡತಿ, ವಯಸ್ಸಾದ ಹೆಂಗಸು, ನೀರು ಕೊಟ್ಟು ಕೂರಿಸಿದರು. ನಾನು ಆ ತಂಪಿನ ಕುರಿತು ಕೊರೆಯುತ್ತಿದ್ದಾಗ, ಹೊರಗೆ ಹುಡುಗರು ಗೋಡೆ ಅಳೆದು, ಗುರುತಿಗೆಂದು ಕಲ್ಲುಗಳ ಮೇಲೆ ಕೆಂಪು ಸೀಮೆಸುಣ್ಣದಿಂದ ಹದಿನಾರರವರೆಗೆ ನಂಬರು ಬರೆದರು. ರಸ್ತೆ ಅಗಲ ಮಾಡುವ ಮೊದಲು ಒಡೆಯಬೇಕಾದ ಮನೆಗಳ ಮೇಲೆ ಬೀಳುವುದು ಇಂಥದೇ ಕೆಂಪು ಗುರುತು. ಅದೊಂದನ್ನು ಬಿಟ್ಟು ಜಗತ್ತಿನ ಮಿಕ್ಕೆಲ್ಲದರ ಬಗ್ಗೆ ನಾನು ಚಿಂತೆ ಮಾಡಿಟ್ಟಿದ್ದೆ.

ಹೊರಬಂದ ಆಕೆಯ ಮುಖ ಇಳಿಯಿತು. “ಎಲ್ಲಿತನಕ ಒಡೀತೀರಿ ಸರ?”

“ಒಡ್ಯಾಂಗಿಲ್ಲ ಅವ್ವಾ. ನಿಮ್ಮನಿ ಭಾಳ ಚಂದ ಅದ, ಅದಕ್ಕೇ ಅಳೀಲಿಕತ್ತೀವಿ.”

“ಚಂದ ಇದ್ರ ನೋಡ್ತಾರ್ರಿ. ಅಳಿಯಾದು ಯಾಕ?”

ನಾನು ಕರವಸ್ತ್ರ ನೆನೆಸಿ ಗೋಡೆ ಒರೆಸತೊಡಗಿದೆ. ಮೊದಲ ನಾಲ್ಕು ನಂಬರು ಹೋಗಿ ಆ ಕಲ್ಲೆಲ್ಲ ಕೆಂಪಾಯಿತು. ಅಷ್ಟರಲ್ಲಿ ಪಕ್ಕದ ಮನೆಯಾತ ಬಂದ. “ಯಾಕ್ರಿ ಸರ, ಸರಕಾರದ ಹೊಸ ಮನಿ ಮಂಜೂರಿ ಬರೇ ಈ ಆಯಿಗೇನು? ನಾವು ಓಣ್ಯಾಗ ಇಲ್ಲೇನು?” ಎಂದವನೇ ಇಟ್ಟಿಗೆ ಚೂರಿನಿಂದ ತನ್ನ ಗೋಡೆಗೆ ತಾನೇ ಹದಿನೇಳು ಎಂದು ಬರೆದುಕೊಂಡ.

ನಾನು ಇಬ್ಬರಿಗೂ ವಿವರಿಸಿದೆ. ಇಬ್ಬರೂ ನಂಬಲಿಲ್ಲ.

“ಬಾಯಿ ಮಾತು ಬ್ಯಾಡ. ಒಡ್ಯಾಂಗಿಲ್ಲಂತ ಬರದು ಸಿಕ್ಕಾ ಹೊಡೀರಿ,” ಎಂದರು ಆಕೆ.

ಎಲ್ಲಿ ಬೇಕಾಗುತ್ತದೋ ಎಂದು ಕಾಲೇಜಿನ ನಮ್ಮ ವಿಭಾಗದ ರಬ್ಬರ್ ಸಿಕ್ಕಾ, ಶಾಯಿ ಪ್ಯಾಡು ಎರಡನ್ನೂ ಚೀಲದಲ್ಲಿ ಹೊತ್ತು ತಿರುಗುವವನು ನಾನು. ‘ಈ ಮನೆಯನ್ನು ನಮ್ಮ ಕಾಲೇಜು ಒಡೆಯುವುದಿಲ್ಲ’ ಎಂದು ಬರೆದು ಒತ್ತಿಕೊಟ್ಟೆ.

“ಬ್ಯಾರೆಯವ್ರು ಒಡದ್ರ?”

ವಿದ್ಯಾರ್ಥಿಗಳು ನನ್ನನ್ನೇ ನೋಡುತ್ತಿದ್ದರು. ‘ನಮ್ಮ ಕಾಲೇಜು’ ಹೊಡೆದುಹಾಕಿ ‘ಯಾರೂ’ ಎಂದು ತಿದ್ದಿದೆ. ರಜೆ ಚೀಟಿಗೂ ಮೇಲಿನವರ ಸಹಿ ಬೇಡುವ ನಾನು!

“ನಂದೂ ಬರೀರಿ,” ಎಂದ ಪಕ್ಕದವನು. “ಆದ್ರ ಚಂದ ಇಲ್ಲಂತ ಬರೀರಿ. ಒಡೀರಿ ಅಂತ್ಲೇ ಬರೀರಿ.”

ಆಕೆ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಗಿಲ ಮೇಲಿನ ಮೊಳೆಗೆ ತೂಗುಹಾಕಿದರು. ಆಮೇಲೆಯೇ ನಮಗೆ ಚಹಾ ಸಿಕ್ಕಿದ್ದು. ಅಂದಿನಿಂದ ನಾನು ದಿನಪತ್ರಿಕೆಯಲ್ಲಿ ಮೊದಲು ಹುಡುಕುವುದು ಶಹಾಬಾದಿನ ರಸ್ತೆ ಸುದ್ದಿಯನ್ನೇ.