ಹನ್ನೆರಡು ಲಟ್ಟಣಿಗೆಗಳ ಜೋಗುಳ

ದಂಡೋತಿಯ ಮಾಣಿಕಮ್ಮನ ಬಗ್ಗೆ ಬರೆಯಬೇಕಾದವನು ನಾನಲ್ಲ. ಚಿತ್ತಾಪುರದಲ್ಲಿ ಹತ್ತಿಯ ಕಾಳು ಬಿಡಿಸುವ ಜಿನ್ನಿನಲ್ಲಿ ಆಕೆಯ ಜೊತೆ ಎಲ್ಲರಿಗಿಂತ ಹೆಚ್ಚು ಜಗಳ ಆಡಿದವನು ನಾನು. ಆದರೆ ಆಕೆಗೆ ಬರೆಯಲು ಬರುವುದಿಲ್ಲ, ಆಕೆಯ ಗೆಳತಿ ಲತೀಫಾಳಿಗೆ ಪುರಸೊತ್ತಿಲ್ಲ, ಹಾಗಾಗಿ ಉಳಿದವನು ನಾನೊಬ್ಬ. ಹೆಸರು ರೇವಣಸಿದ್ದಯ್ಯ, ಆ ಜಿನ್ನಿನ ಫಿಟ್ಟರ್. ಸೊಲ್ಲಾಪುರದ ಗಿರಣಿಯಲ್ಲಿ ಎರಡು ವರ್ಷ ಕೆಲಸ ಕಲಿತು, ಆ ಎರಡು ವರ್ಷದ ಸುದ್ದಿಯನ್ನು ಇಪ್ಪತ್ತು ವರ್ಷ ಹೇಳಿದವನು.

ಮಾಣಿಕಮ್ಮ ಹೊಳೆದಂಡೆಯ ಮನೆಯವಳು. ಗಂಡ ಅಯ್ಯಪ್ಪ ಮಳೆಗಾಲದಲ್ಲಿ ಕಾಗಿಣಾ ಹೊಳೆಗೆ ಹರಿಗೋಲು ಹಾಕುತ್ತಿದ್ದ. ದೀಪಾವಳಿ ದಾಟಿದರೆ ನೀರು ಮೊಣಕಾಲಿಗೆ ಇಳಿಯುತ್ತಿತ್ತು, ಜನ ಸೀರೆ ಧೋತರ ಎತ್ತಿಕೊಂಡು ನಡೆದೇ ದಾಟುತ್ತಿದ್ದರು. ಆಗ ಅಯ್ಯಪ್ಪ ಹರಿಗೋಲನ್ನು ಬೋರಲು ಹಾಕಿ ಅದರ ನೆರಳಲ್ಲೇ ಮಲಗುತ್ತಿದ್ದ. “ನಮ್ಮ ಮನ್ಯಾಗ ಹೊಳಿ ಇಳೀತಂದ್ರ ನಾ ಏರಬೇಕು” ಎಂದು ನಗುತ್ತ ಆಕೆ ಚಿತ್ತಾಪುರದ ಅಕ್ಕನ ಮನೆಗೆ ಗಂಟು ಹೊತ್ತು ಬರುತ್ತಿದ್ದಳು. ಅಲ್ಲಿಂದ ಯುಗಾದಿಯ ತನಕ ಜಿನ್ನಿನ ಕೆಲಸ. ಆಚೆ ದಡದವರನ್ನು ಕೂಗಿ ಕೂಗಿ ಪಳಗಿದ ಗಂಟಲು ಆಕೆಯದು. ಇಂಜಿನ್ ಸದ್ದಿನಲ್ಲಿ ನನ್ನ ಬೈಗುಳ ಯಾರಿಗೂ ಕೇಳುತ್ತಿರಲಿಲ್ಲ. ಆಕೆ ಕೊಟ್ಟ ಉತ್ತರ ಮಾತ್ರ ಬೀದಿಯ ತನಕ ಕೇಳುತ್ತಿತ್ತು.

ನಮ್ಮಲ್ಲಿ ಹನ್ನೆರಡು ಯಂತ್ರ, ಒಂದೊಂದಕ್ಕೆ ಒಬ್ಬೊಬ್ಬ ಹೆಣ್ಣುಮಗಳು. ಪ್ರತಿ ಯಂತ್ರದಲ್ಲೂ ಚರ್ಮ ಸುತ್ತಿದ ಒಂದು ಉದ್ದ ರೋಲರ್, ಅದಕ್ಕೆ ಒತ್ತಿ ನಿಂತ ಒಂದು ಪಟ್ಟಿ ಚೂರಿ. ಹೆಂಗಸು ಹತ್ತಿ ಹಾಕುತ್ತಾಳೆ, ತಿರುಗುವ ಚರ್ಮ ಅರಳೆಯನ್ನು ಹಿಡಿದು ಎಳೆಯುತ್ತದೆ, ಚೂರಿ ಕಾಳನ್ನು ತಡೆದು ಕೆಳಗೆ ಬೀಳಿಸುತ್ತದೆ. ಚರ್ಮಕ್ಕೆ ಹಿಡಿತ ಬರಲೆಂದು ಅದರ ಮೇಲೆ ಓರೆಯಾಗಿ ಗೀರು ಕೊಯ್ಯುವುದು ನನ್ನ ಕೆಲಸ. ರೋಲರಿಗೆ ನಮ್ಮ ಹೆಂಗಸರು ಲಟ್ಟಣಿಗಿ ಅನ್ನುತ್ತಿದ್ದರು. ನಾನು ಎಷ್ಟು ತಿದ್ದಿದರೂ ಅದು ಲಟ್ಟಣಿಗಿಯೇ ಆಗಿ ಉಳಿಯಿತು.

ದೇಶ ದೇಶಗಳ ನಡುವೆ ದೊಡ್ಡ ಲಡಾಯಿ ನಡೆದಿದ್ದ ಆ ವರ್ಷ ನಮ್ಮ ರೋಲರುಗಳಿಗೆ ಬೇನೆ ಹತ್ತಿತು. ನಡುವೆ ಚರ್ಮ ಸವೆದು ತಗ್ಗು ಬಿದ್ದು, ಚೂರಿ ಅಲ್ಲಿಗೆ ಮುಟ್ಟದಾಯಿತು. ಅರಳೆ ಬಿಡದ ಕಾಳು ಕೆಳಗೆ ರಾಶಿ ಬೀಳತೊಡಗಿತು. ನಾನು ಚರ್ಮ ಹದ ಮಾಡಿದವನನ್ನು ಬೈದೆ, ಕಳಿಸಿದವನನ್ನು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವ ಮಾತು ಯಾರ ಮೇಲೆ ಹುಟ್ಟಿತೋ ಗೊತ್ತಿಲ್ಲ, ಆ ಚಳಿಗಾಲದಲ್ಲಿ ಅದು ನನ್ನದೇ ಆಗಿತ್ತು. ಚೂರಿಯ ತಿರುಪನ್ನು ಇನ್ನಷ್ಟು ಬಿಗಿ ಮಾಡಿದೆ. ನಡುವಿಗೆ ಮುಟ್ಟುವ ಹೊತ್ತಿಗೆ ಎರಡೂ ಅಂಚಿನ ಚರ್ಮ ಕಾದು ಕಮಟು ವಾಸನೆ ಎದ್ದಿತು. ಹೆಂಗಸರು ಮೂಗಿಗೆ ಸೆರಗು ಹಿಡಿದು ನನ್ನನ್ನೇ ನೋಡಿದರು.

ಸಂಕ್ರಾಂತಿ ಆದ ಮೇಲಿನ ಸೋಮವಾರ ಮ್ಯಾನೇಜರ್ ಗುಲಾಮ ದಸ್ತಗೀರ ಸಾಹೇಬರು ಜಿನ್ನಿನ ಮಾಲೀಕ ಸೇಠರ ಪತ್ರ ಹಿಡಿದು ಬಂದರು. ಚರ್ಮವೆಲ್ಲ ಫೌಜಿನ ಬೂಟಿಗೆ ಹೋಗುತ್ತಿದೆ, ಮುಂಬಯಿಯಿಂದ ಹೊಸದು ಬರುವುದಿಲ್ಲ, ಬರುವ ಸೋಮವಾರ ಜಿನ್ನಿಗೆ ಬೀಗ ಹಾಕಬೇಕು ಎಂದು ಹೇಳಿದರು. ಅವರು ಒಳ್ಳೆಯ ಮನುಷ್ಯ, ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ಹನ್ನೆರಡೂ ಮಂದಿಗೆ ಅದು ಪೆಟ್ಟೇ. ಆದರೆ ಮಾಣಿಕಮ್ಮನಿಗೆ ಬಿದ್ದದ್ದು ಬೇರೆ ಪೆಟ್ಟು. ಆಕೆಯ ಪಕ್ಕದ ಯಂತ್ರದಲ್ಲಿ ಸೊಸೆ ಚಂದಮ್ಮ ಕೂತಿದ್ದಳು, ಚೊಚ್ಚಲ ಬಸುರಿ, ಏಳು ತಿಂಗಳು. ಅವಳಿಗೆ ತವರಿನಲ್ಲಿ ಯಾರೂ ಇರಲಿಲ್ಲ. ಗಂಡ ಅಂಬರಾಯ ಶಹಾಬಾದಿನ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಜಿನ್ನು ಮುಚ್ಚಿದರೆ ಚಂದಮ್ಮನೂ ಅಲ್ಲಿಗೇ ಹೋಗಿ ಆ ಹೊಟ್ಟೆ ಹೊತ್ತುಕೊಂಡು ಕಲ್ಲು ಹೊರಬೇಕು. ಹಿಂದಿನ ವರ್ಷ ಆ ಖಣಿಯಲ್ಲಿ ಇಬ್ಬರು ಹೆಂಗಸರಿಗೆ ಗರ್ಭ ಇಳಿದಿದ್ದು ಎಲ್ಲರಿಗೂ ಗೊತ್ತಿತ್ತು.

ಆ ಮಧ್ಯಾಹ್ನ ಇಂಜಿನ್ ನಿಂತಾಗ ಉಳಿದವರು ರೊಟ್ಟಿ ಬಿಚ್ಚಿದರು. ಮಾಣಿಕಮ್ಮ ರೊಟ್ಟಿ ಬಿಚ್ಚದೆ ಒಂದೊಂದೇ ಯಂತ್ರದ ಹತ್ತಿರ ಹೋಗಿ ರೋಲರ್ ಮೇಲೆ ಅಂಗೈ ಆಡಿಸುತ್ತ ಬಂದಳು. ನನ್ನ ಮುಂದೆ ನಿಂತು, ಎಲ್ಲ ಬುಡಬುಡಕಿಯ ಹಾಗೆ ನಡು ಸಣ್ಣ ಆಗಿವೆ, ಲತೀಫಾಳದು ಮಾತ್ರ ಯಾಕೆ ನೆಟ್ಟಗಿದೆ ಎಂದು ಕೇಳಿದಳು. ಅದರ ಚರ್ಮ ಬೇರೆ ಎಂದೆ. ಹನ್ನೆರಡೂ ಒಂದೇ ಗಾಡಿಯಲ್ಲಿ ವಾಡಿ ಸ್ಟೇಷನ್ನಿನಿಂದ ಬಂದದ್ದನ್ನು ತಾನೇ ಕಂಡಿದ್ದೇನೆ ಎಂದಳು. ನನಗೆ ಸಿಟ್ಟು ಬಂತು.

ಇಂಜಿನ್ ಮತ್ತೆ ಶುರುವಾದಾಗ ಆಕೆ ತನ್ನ ಕೆಲಸ ಬಿಟ್ಟು ಲತೀಫಾಳ ಬೆನ್ನ ಹಿಂದೆ ನಿಂತಳು. ಲತೀಫಾ ಪಿಂಜಾರರ ಮನೆಯ ಮಗಳು. ಅಪ್ಪ, ಅಣ್ಣಂದಿರು ಹತ್ತಿ ಹಿಂಜಿ ಗಾದಿ ತುಂಬುವವರು. ಗಾದಿಯಲ್ಲಿ ಹತ್ತಿ ಒಂದು ಕಡೆ ಗುಡ್ಡೆ ಆದರೆ ಮಲಗಿದವನು ಬೈಯುತ್ತಾನೆ. ಹಾಗಾಗಿ ಹಿಡಿ ಹತ್ತಿ ಸಿಕ್ಕರೆ ಅವಳ ಕೈ ಅದನ್ನು ಈ ಅಂಚಿನಿಂದ ಆ ಅಂಚಿಗೆ ತಾನಾಗಿ ಹರಡುತ್ತಿತ್ತು. ಉಳಿದ ಹನ್ನೊಂದು ಮಂದಿ ಬೀಸುವ ಕಲ್ಲಿನ ಮುಂದೆ ಬೆಳೆದವರು. ಕಲ್ಲಿಗೆ ಕಾಳು ಹಾಕುವುದು ನಡುವಿನ ಕುಳಿಗೆ. ಅವರ ಕೈಯೂ ತಾನಾಗಿ ನಡುವಿಗೇ ಹೋಗುತ್ತಿತ್ತು. ಹತ್ತಿಯ ಭಾರವೆಲ್ಲ ಒಂದು ಗೇಣು ಜಾಗದಲ್ಲಿ ಬಿದ್ದು ಅಲ್ಲಿನ ಚರ್ಮ ಸವೆಯುತ್ತಿತ್ತು. ಮಾಣಿಕಮ್ಮ ನನ್ನನ್ನು ಕರೆದು ಅದನ್ನು ಬೆರಳಿಟ್ಟು ತೋರಿಸಿದಳು.

ಸೊಲ್ಲಾಪುರದಲ್ಲಿ ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಅಲ್ಲಿ ಯಂತ್ರ ನೋಡುವುದನ್ನು ಕಲಿಸಿದ್ದರು, ಕೈ ನೋಡುವುದನ್ನಲ್ಲ. ನನಗೆ ಭಾಳ ನಾಚಿಕೆಯಾಯಿತು, ಅದನ್ನು ಮುಚ್ಚಲು ಜೋರಾಗಿ ಮಾತಾಡಿದೆ. ಕಾರಣ ತಿಳಿದರೆ ಸವೆದದ್ದು ತುಂಬುತ್ತದೆಯೇ ಎಂದು ಕೇಳಿದೆ.

“ತುಂಬಂಗಿಲ್ರಿ ಅಯ್ಯನೋರ,” ಎಂದಳು. “ಅಂಚು ಇಳಸ್ರಿ. ನಡು ಎಷ್ಟು ಸಣ್ಣ ಅದನೋ ಅಂಚೂ ಅಷ್ಟು ಸಣ್ಣ ಆಗಲಿ. ಸವದ ಬೀಸೋ ಕಲ್ಲಿಗಿ ಉಳಿ ಹೊಡಸಂಗಿಲ್ಲೇನು?”

ಹೇಳುವುದು ಸುಲಭ. ಹೊಸ ಚರ್ಮ ಸಿಗದ ಕಾಲದಲ್ಲಿ ಇದ್ದ ಒಳ್ಳೆಯ ಚರ್ಮವನ್ನೇ ಕೆತ್ತಿ ಒಗೆಯುವುದೆಂದರೆ ಹರಕು ಅಂಗಿಯ ತೋಳು ಕತ್ತರಿಸಿದ ಹಾಗೆ. ಕೆಟ್ಟರೆ ಮುಂದಿನ ಸಲ ಕೆತ್ತಲು ಏನೂ ಉಳಿಯುವುದಿಲ್ಲ. ಸೇಠರು ನನ್ನ ಚರ್ಮ ಸುಲಿಯುತ್ತಾರೆ ಎಂದೆ. ಅದಕ್ಕೆ ಆಕೆ, ಮೊದಲು ತನ್ನ ಯಂತ್ರದ ರೋಲರನ್ನೇ ಕೆತ್ತಬೇಕು, ಕೆಟ್ಟರೆ ಮಾಣಿಕಮ್ಮ ಕೆಡಿಸಿದಳು ಎಂದು ಸಾಹೇಬರಿಗೆ ಹೇಳಬೇಕು ಎಂದಳು. ನಾನು ಅನುಮಾನಿಸುತ್ತ ನಿಂತೆ. ಆಗ ಆಕೆ ಸೊಸೆಯ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, ನನಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಮಾತಾಡಿದಳು. ಆಕೆಗೆ ಸಣ್ಣ ದನಿ ಇದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

“ನನ್ನ ಸೊಸಿ ಫರಸಿ ಹೊರಲಿಕ್ಕ ಹೋಗಬಾರದ್ರಿ ಅಯ್ಯನೋರ. ಅಷ್ಟೇ.”

ಉಳಿ ತೆಗೆದುಕೊಂಡೆ. ಉಜ್ಜಲು ಉಸುಕಿನ ಕಾಗದ ಪೇಟೆಯಲ್ಲಿ ಎಲ್ಲಿಯೂ ಇರಲಿಲ್ಲ, ಅದನ್ನೂ ಲಡಾಯಿ ತಿಂದಿತ್ತು. ಮಾಣಿಕಮ್ಮ ದಂಡೋತಿಗೆ ಹೇಳಿ ಕಳಿಸಿದಳು. ಅಯ್ಯಪ್ಪ ಹರಿಗೋಲಿನ ನೆರಳು ಬಿಟ್ಟೆದ್ದು, ಕಾಗಿಣಾ ಹೊಳೆಯ ಸಣ್ಣ ಉಸುಕನ್ನು ಜರಡಿ ಹಿಡಿದು ಚೀಲ ತುಂಬಿ ಹೊತ್ತು ತಂದ. ಬಡಿಗರು ಕಟ್ಟಿಗೆಗೆ ಹಚ್ಚುವ ಅಂಟನ್ನು ಹಲಗೆಗೆ ಬಳಿದು, ಉಸುಕು ಚೆಲ್ಲಿ ಒಣಗಿಸಿದೆವು. ರೋಲರನ್ನು ಮೆಲ್ಲಗೆ ತಿರುಗಿಸುತ್ತ ಮೊದಲು ಉಳಿ, ಆಮೇಲೆ ಆ ಹಲಗೆ ಹಿಡಿದೆ. ಮಂಗಳವಾರ ಸಂಜೆಗೆ ಅದು ಒಂದೇ ಸಮ ಆಯಿತು. ಗೀರು ಕೊಯ್ದು, ಚೂರಿ ಮುಂದಕ್ಕೆ ಸರಿಸಿ ಹತ್ತಿ ಹಾಕಿಸಿದೆ. ಕೆಳಗೆ ಬಿದ್ದ ಕಾಳು ತೊಳೆದ ಹಾಗೆ ಬರಿದಾಗಿತ್ತು.

ಲತೀಫಾಳದನ್ನು ಬಿಟ್ಟರೆ ಇನ್ನೂ ಹತ್ತು. ದಿನಕ್ಕೆ ಎರಡರಂತೆ ಭಾನುವಾರಕ್ಕೆ ಮುಗಿಯುತ್ತವೆ ಎಂದು ಲೆಕ್ಕ ಹಾಕಿ ಮೀಸೆ ತಿರುವಿದೆ. ಆದರೆ ಗುರುವಾರ ನೋಡಿದರೆ, ಮಾಣಿಕಮ್ಮನ ರೋಲರಿನ ನಡುವೆ ಆಗಲೇ ಒಂದು ಹೊಳಪು. ನಡುವೆ ಹಾಕಬಾರದು ಎಂದು ಊರಿಗೆಲ್ಲ ಹೇಳಿದವಳ ಕೈಯೇ ನಡುವಿಗೆ ಹೋಗಿತ್ತು. ನಾನು ಕರೆದು ತೋರಿಸಿದೆ. ಆಕೆ ತನ್ನ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿಕೊಂಡಳು. ನಗಲಿಲ್ಲ. ಅಷ್ಟು ವರ್ಷದಲ್ಲಿ ಆಕೆ ಹೆದರಿದ್ದನ್ನು ನಾನು ಕಂಡದ್ದು ಅದೊಂದು ಸಲ.

ಕಾರಣ ಹೇಳಿದವಳು ಲತೀಫಾ. ಇವರೆಲ್ಲ ಕೆಲಸ ಮಾಡುತ್ತ ಬೀಸುವ ಪದ ಹಾಡುತ್ತಾರೆ, ಪದದ ಸಾಲು ಮುಗಿದಾಗಲೆಲ್ಲ ಹಿಡಿ ನಡುವೆ ಬೀಳುತ್ತದೆ ಎಂದಳು. ನಿಂತು ನೋಡಿದೆ, ಅವಳು ಹೇಳಿದ್ದು ನಿಜ. ಹಾಡು ಕೈಯನ್ನು ನಡೆಸುತ್ತಿತ್ತು. ಹಾಗಾದರೆ ಹಾಡು ಬಂದ್ ಎಂದೆ. ಹಾಡಿಲ್ಲದೆ ಹತ್ತು ತಾಸು ಆ ಸದ್ದಿನಲ್ಲಿ ಕೂರು, ನೋಡೋಣ ಎಂದು ಹನ್ನೆರಡು ಬಾಯಿ ಒಟ್ಟಿಗೆ ನನ್ನ ಮೇಲೆ ಬಂದವು.

ಚಂದಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಆಯಾಸಕ್ಕೆ ಅತ್ತ ಇತ್ತ ತೂಗುತ್ತಿದ್ದಳು. ಅದನ್ನು ನೋಡುತ್ತ ನೋಡುತ್ತ ಮಾಣಿಕಮ್ಮ ಎದ್ದು, ಹಿಡಿ ಹತ್ತಿ ತೆಗೆದುಕೊಂಡು ಜೋಗುಳ ಶುರು ಮಾಡಿದಳು. ತೊಟ್ಟಿಲು ಅತ್ತ ಹೋದಾಗ ಕೈ ಅತ್ತ, ಇತ್ತ ಬಂದಾಗ ಕೈ ಇತ್ತ. ಹತ್ತಿ ಅಂಚಿನಿಂದ ಅಂಚಿಗೆ ಸಮನಾಗಿ ಬಿತ್ತು. ತೊಟ್ಟಿಲು ನಡುವೆ ನಿಲ್ಲುವುದಿಲ್ಲವಲ್ಲ, ಕೈಗೂ ಅಲ್ಲಿ ನಿಲ್ಲಲು ಆಸ್ಪದ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ದನಿ ಕೂಡಿಸಿದರು. ಲತೀಫಾ ತನ್ನ ತಾಯಿ ತೊಟ್ಟಿಲು ತೂಗುತ್ತ ಹಾಡುತ್ತಿದ್ದ ಲೋರಿ ಹಾಡಿದಳು, ಅದೂ ಹೊಂದಿಕೊಂಡಿತು. ಜೋಗುಳಕ್ಕೆ ಹೊಂದಿಕೊಳ್ಳದವನು ನಾನೊಬ್ಬನೇ, ಮಧ್ಯಾಹ್ನವಾದರೆ ತೂಕಡಿಕೆ ಬರುತ್ತಿತ್ತು.

ಸೋಮವಾರ ಬೆಳಿಗ್ಗೆ ದಸ್ತಗೀರ ಸಾಹೇಬರು ಅಂಗೈಯಷ್ಟು ದೊಡ್ಡ ಬೀಗ ಹಿಡಿದು ಬಂದರು. ಬಾಗಿಲಲ್ಲೇ ನಿಂತರು. ಹನ್ನೆರಡು ಯಂತ್ರ ಓಡುತ್ತಿವೆ, ಹನ್ನೆರಡು ಹೆಂಗಸರು ಜೋಗುಳ ಹಾಡುತ್ತಿದ್ದಾರೆ. ಇವರಿಗೆಲ್ಲ ಏನಾಗಿದೆ ಎಂದು ಗಾಬರಿಯಿಂದ ನನ್ನ ಕಡೆ ತಿರುಗಿದರು. ನಾನು ಬೊಗಸೆ ಕಾಳು ತೆಗೆದು ತೋರಿಸಿದೆ. ಒಂದರಲ್ಲೂ ಅರಳೆ ಇರಲಿಲ್ಲ. ಅವರು ಒಂದೊಂದು ರಾಶಿಯಲ್ಲೂ ಕೈ ಹಾಕಿ ನೋಡಿ ಬಂದು, ಏನು ಮಾಡಿದೆ ಎಂದು ಕೇಳಿದರು. ಸೊಲ್ಲಾಪುರದ ಎರಡು ವರ್ಷ ಬಾಯಿಯ ತುದಿಗೆ ಬಂದು ನಿಂತಿತ್ತು. ದೇವರು ದೊಡ್ಡವನು, ನುಂಗಿಕೊಂಡೆ.

“ನಾ ಬರೇ ಉಜ್ಜೀನ್ರಿ ಸಾಹೇಬ್ರ. ಮಾಡಿದಾಕಿ ಮಾಣಿಕಮ್ಮ.”

ಸಾಹೇಬರು ಆಕೆಯ ಹತ್ತಿರ ಹೋಗಿ ಏನೋ ಕೇಳಲು ಜೋರಾಗಿ ಬಾಯಿ ತೆಗೆದರು. ಆಕೆ ಕೈ ನಿಲ್ಲಿಸದೆ ತಲೆಯೆತ್ತಿದಳು.

“ಸಣ್ಣಗ ಮಾತಾಡ್ರಿ ಸಾಹೇಬ್ರ, ಕೂಸುಗಳು ಮಲಗ್ಯಾವ.”

ಸಾಹೇಬರು ಬೀಗವನ್ನು ಶೇರವಾನಿಯ ಜೇಬಿಗೆ ಹಾಕಿಕೊಂಡರು. ಅದರ ಭಾರಕ್ಕೆ ಶೇರವಾನಿ ಒಂದು ಕಡೆ ಜೋತು ಬಿತ್ತು, ಹಾಗೇ ಕಚೇರಿಗೆ ನಡೆದು ಹೋದರು.

ಯುಗಾದಿಯ ತನಕ ಜಿನ್ನು ನಿಲ್ಲಲಿಲ್ಲ. ಅದಕ್ಕೆ ಹತ್ತು ದಿನ ಮೊದಲು ಮಾಣಿಕಮ್ಮನ ಅಕ್ಕನ ಮನೆಯಲ್ಲಿ ಚಂದಮ್ಮ ಗಂಡು ಹೆತ್ತಳು. ಕೂಸು ಹೊರಗೆ ಬಂದ ಗಳಿಗೆಯಲ್ಲಿ ಮಾಣಿಕಮ್ಮ ಹಾಕಿದ ಕೂಗಿಗೆ ಓಣಿಯ ನಾಯಿಗಳೆಲ್ಲ ಎದ್ದವಂತೆ. ಸೇಠರಿಗೆ ಸಾಹೇಬರು ನಿಜವನ್ನೇ ಬರೆದಿದ್ದರು. ಆದರೆ ಸೇಠರು ಓದಿದ್ದು ಫಿಟ್ಟರ್ ಅನ್ನುವ ಮಾತನ್ನು ಮಾತ್ರ ಅಂತ ಕಾಣುತ್ತದೆ, ನನಗೆ ಹತ್ತು ಮೊಳದ ಜರಿ ಅಂಚಿನ ರುಮಾಲು ಕಳಿಸಿದರು. ಒಂದು ದಿನ ಸುತ್ತಿಕೊಂಡೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದೆ. ಆದರೂ ತಡೆಯಲಾಗಲಿಲ್ಲ, ಒಯ್ದು ಮಾಣಿಕಮ್ಮನ ಕೈಗೆ ಕೊಟ್ಟು ಇದು ನಿನ್ನದು ಎಂದೆ. ಹೆಂಗಸು ರುಮಾಲು ಸುತ್ತಿಕೊಳ್ಳುತ್ತಾಳೇನು ಎಂದು ನಕ್ಕು, ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು.

ಮುಂದಿನ ದೀಪಾವಳಿ ಕಳೆದು ಜಿನ್ನು ಶುರುವಾದ ದಿನ ನಾನು ಒಳಗೆ ಹೋದೆ. ಚಂದಮ್ಮನ ಯಂತ್ರದ ಪಕ್ಕದಲ್ಲಿ, ಎರಡು ಕಂಬದ ನಡುವೆ, ಸೇಠರ ಜರಿ ರುಮಾಲು ಜೋಲಿಯಾಗಿ ತೂಗುತ್ತಿತ್ತು. ಒಳಗೆ ಎಂಟು ತಿಂಗಳ ಕೂಸು. ಸುತ್ತ ಹನ್ನೆರಡು ಹೆಂಗಸರು ಗಂಟಲು ಬಿಟ್ಟು ಜೋಗುಳ ಹಾಡುತ್ತಿದ್ದರು. ಅದು ಕಣ್ಣು ಪಿಳಿಪಿಳಿ ಬಿಡುತ್ತ, ನಿದ್ದೆಯ ಸುಳಿವೇ ಇಲ್ಲದೆ, ಅತ್ತ ಇತ್ತ ಹೋಗುವ ಅಜ್ಜಿಯ ಕೈಯನ್ನು ನೋಡುತ್ತಿತ್ತು.